ಸಕ್ಕರಿ ಹೆಚ್ಚಾಗೇತ್ರಿ

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಆ ಫೋನು ಬಂತು. ಆ ಹೊತ್ತನ್ನು ಶಾಲಿನಿ ತಾನೇ ರಿಜಿಸ್ಟರಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಳು. ಅದನ್ನು ಮರೆಯುವ ದಾರಿಯೇ ಅವಳಿಗೆ ಉಳಿಯಲಿಲ್ಲ.

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಔಷಧದಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಅವರ ಕಚೇರಿ. ಹಾಸಿಗೆ ಹಿಡಿದವರ ಮನೆಗಳಿಗೆ ಆರೈಕೆಯ ಹೆಂಗಸರನ್ನು ಕಳಿಸುವ ಸಣ್ಣ ಸಂಸ್ಥೆ ಅದು. ಯಾವ ಮನೆಯಲ್ಲಿ ಏನೇ ಆದರೂ ಆ ಹೆಂಗಸರು ಮೊದಲು ಫೋನು ಮಾಡುವುದು ಶಾಲಿನಿಗೆ. ನರ್ಸಿಂಗ್ ಓದಿದವಳು, ಹುಳಿಮಾವಿನ ಹಳೇ ಒಕ್ಕಲು ಮನೆತನದ ಹುಡುಗಿ. ಅವಳ ಅಜ್ಜಿ ನಾರಾಯಣಮ್ಮನಿಗೆ ಓದು ಬರಹ ಬಾರದು. ಆದರೆ ಸಂಜೆ ದೀಪ ಹಚ್ಚಿ ಕೂತರೆ ನೂರಾರು ಪದ್ಯಗಳು ಬಾಯಿಪಾಠವಾಗಿ ಹರಿದು ಬರುತ್ತಿದ್ದವು. "ಅರ್ಥ ಆಮೇಲಾಗುತ್ತೆ, ಮೊದ್ಲು ಮಾತನ್ನ ಸರಿಯಾಗಿ ಕಿವೀಲಿ ಇಟ್ಕೋ" ಎನ್ನುವುದು ಅಜ್ಜಿಯ ಪಾಠ. ಹಾಗೆ ಪಳಗಿದ ಕಿವಿ ಅದು. ಒಮ್ಮೆ ಕೇಳಿದ ಮಾತನ್ನು ಏರಿಳಿತದ ಸಮೇತ ಒಪ್ಪಿಸಬಲ್ಲಳು. ಕಚೇರಿಯಲ್ಲಿ ಅವಳಿಗೆ ಟೇಪ್ ರೆಕಾರ್ಡರ್ ಎಂದೇ ಹೆಸರು.

ಫೋನು ಮಾಡಿದವಳು ಯಲ್ಲವ್ವ. ರೋಣದ ಕಡೆಯವಳು, ಐವತ್ತರ ಹೆಂಗಸು, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಪದ್ಮನಾಭನಗರದಲ್ಲಿ ಕೊಟ್ರಪ್ಪ ಎಂಬ ಎಪ್ಪತ್ತಾರರ ಹಿರಿಯರನ್ನು ನೋಡಿಕೊಳ್ಳುತ್ತಿದ್ದಳು. ಅವರು ಬಟ್ಟೆ ವ್ಯಾಪಾರ ಮಾಡಿ ಬದುಕಿದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ತೊದಲಾಗಿತ್ತು. ಜೊತೆಗೆ ಸಕ್ಕರೆ ಕಾಯಿಲೆ. ದಿನಕ್ಕೆ ಮೂರು ಸಲ ಇನ್ಸುಲಿನ್.

"ಮೇಡಂ, ಸಕ್ಕರಿ ಹೆಚ್ಚಾಗೇತ್ರಿ. ನಿಮಗ ತಿಳಸಬೇಕಂತ ಹೇಳಿದ್ರಲ್ರೀ, ಅದಕ್ಕ ಮಾಡೀನಿ."

"ಎಷ್ಟಿದೆ ಯಲ್ಲಮ್ಮ?"

"ಎಷ್ಟಂದ್ರ, ಪೂರ್ತಿ ಹೆಚ್ಚಾಗೇತ್ರಿ."

"ಪೂರ್ತಿ ಅಂದ್ರೆ? ನಂಬರ್ ಬರ್ತಿಲ್ವಾ?"

"ಇಲ್ರಿ, ನಂಬರ್ ಹತ್ತವಲ್ದು. ಮೂರ ಸಲ ನೋಡೀನ್ರಿ."

ರಕ್ತದ ಸಕ್ಕರೆ ಅಳತೆ ಮೀರಿದರೆ ಆ ಪುಟ್ಟ ಯಂತ್ರ ಅಂಕಿ ತೋರಿಸುವುದಿಲ್ಲ, ಬರೀ ‘ಹೈ’ ಎನ್ನುತ್ತದೆ. ಶಾಲಿನಿ ಗೋಡೆಗೆ ತೂಗುಹಾಕಿದ ಕಡತದಿಂದ ಕೊಟ್ರಪ್ಪನವರ ಚೀಟಿ ಎಳೆದಳು. ವೈದ್ಯರೇ ಬರೆದುಕೊಟ್ಟ ಚೀಟಿ. ಇನ್ನೂರೈವತ್ತು ದಾಟಿದರೆ ಇಷ್ಟು, ಮುನ್ನೂರೈವತ್ತು ದಾಟಿದರೆ ಇಷ್ಟು. ಕೊನೆಯ ಗೆರೆಯಲ್ಲಿ, ‘ಹೈ’ ಬಂದರೆ ಹತ್ತು ಯೂನಿಟ್ ಕೊಟ್ಟು ನನಗೆ ತಿಳಿಸಿ.

"ಹತ್ತು ಯೂನಿಟ್ ಕೊಡಿ ಯಲ್ಲಮ್ಮ. ಈಗಲೇ. ಊಟದ ತನಕ ಕಾಯ್ಬೇಡಿ."

"ಹತ್ತ್ ಕೊಡ್ಲಿರಿ?"

"ಹೂಂ, ಹತ್ತು. ಅರ್ಥ ಆಯ್ತಲ್ಲ?"

"ಹೂನ್ರಿ."

ಶಾಲಿನಿ ವೈದ್ಯರಿಗೆ ಫೋನು ಮಾಡಿದಳು. ಅವರು ರೋಗಿಗಳ ನಡುವೆ ಇದ್ದರು, ಎತ್ತಲಿಲ್ಲ. ಮೆಸೇಜು ಹಾಕಿ, ರಿಜಿಸ್ಟರಿನಲ್ಲಿ ಬರೆದಳು: ಕೊಟ್ರಪ್ಪ, 11.05, ಸಕ್ಕರೆ ಹೆಚ್ಚಾಗಿದೆ, 10 ಯೂನಿಟ್. ಮುಂದಿನ ಫೋನು ಬಿಳೇಕಹಳ್ಳಿಯಿಂದ ಬಂತು, ಅದರ ಮುಂದಿನದು ಬಿಟಿಎಮ್ಮಿನಿಂದ.

ಹನ್ನೊಂದೂವರೆ ದಾಟಿದ ಮೇಲೆ ಜಯಶೀಲಾ ಒಳಗೆ ಬಂದರು. ಕಚೇರಿಗೆಲ್ಲ ಹಿರಿಯ ನರ್ಸು, ರಾಣೆಬೆನ್ನೂರಿನವರು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ನಾಲಿಗೆ ಊರಿನದ್ದೇ. ಚೀಲ ಕೆಳಗಿಡುವ ಮೊದಲೇ ರಿಜಿಸ್ಟರು ತಿರುವಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಇದೇನ ಶಾಲಿನಿ, ನಂಬರ ಎಲ್ಲಿ? ಹೆಚ್ಚಾಗಿದೆ ಅಂತ ಬರದ್ರ ನಾ ಏನ್ ತಿಳ್ಕೊಳ್ಳಲಿ? ದೇವರ ಹುಂಡಿ ಹೆಚ್ಚಾತೇನು?"

"ನಂಬರ್ ಬಂದಿಲ್ಲ ಜಯಕ್ಕ. ಹೈ ತೋರಿಸ್ತಿದೆ."

"ಹೈ ಅಂತ ಯಲ್ಲವ್ವ ಅಂದ್ಲಾ?"

ಶಾಲಿನಿ ಫೋನಿನ ಮಾತನ್ನು ಮನಸ್ಸಿನಲ್ಲೇ ತಿರುವಿದಳು. ಅಂದಿರಲಿಲ್ಲ.

"ಆಕಿ ಏನಂದ್ಲು, ಅಂದಂಗ ಹೇಳು. ನಿನ್ನ ಮಾತು ಬ್ಯಾಡ, ಆಕಿ ಮಾತು ಹೇಳು."

ಶಾಲಿನಿ ಕಣ್ಣು ಅರ್ಧ ಮುಚ್ಚಿ ಒಪ್ಪಿಸಿದಳು. ಸಕ್ಕರಿ ಹೆಚ್ಚಾಗೇತ್ರಿ. ನಿಮಗ ತಿಳಸಬೇಕಂತ ಹೇಳಿದ್ರಲ್ರೀ. ಪೂರ್ತಿ ಹೆಚ್ಚಾಗೇತ್ರಿ. ನಂಬರ್ ಹತ್ತವಲ್ದು. ಮೂರ ಸಲ ನೋಡೀನ್ರಿ. ಒಂದಕ್ಷರ ಬಿಡದೆ, ಯಲ್ಲವ್ವನ ರಾಗದಲ್ಲೇ ಹೇಳಿದಳು.

ಜಯಶೀಲಾ ಅವರ ಮುಖದಿಂದ ನಗೆ ಇಳಿದುಹೋಯಿತು. ಕೈ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತು.

"ಇವತ್ತು ಶುಕ್ರವಾರ," ಎಂದರು ಮೆಲ್ಲಗೆ. "ಶುಕ್ರವಾರ ಅಲ್ಲೇನ ಆಕಿ ಮನಿ ಸಾಮಾನು ನೋಡಿ ನಮಗ ಹೇಳೋದು? ಸ್ಟ್ರಿಪ್ಪು, ಹತ್ತಿ, ರಕ್ತದ್ದು ಇಳದಾಗ ಕೊಡಾಕ ಅಂತ ಇಟ್ಟ ಸಕ್ಕರಿ ಡಬ್ಬಿ."

"ಹೌದು."

"ನಮ್ಮ ಕಡೆ ಸಕ್ಕರಿ ಖಾಲಿ ಆತು ಅನ್ನಂಗಿಲ್ಲ ಶಾಲಿನಿ. ಅಕ್ಕಿ, ಉಪ್ಪು, ಅರಿಷಿಣ, ಯಾವುದಕ್ಕೂ ಇಲ್ಲ ಅನ್ನಂಗಿಲ್ಲ. ಅದೂ ಶುಕ್ರವಾರ, ಅದೂ ಜಡ್ಡಿನವರು ಮಲಗಿದ ಮನ್ಯಾಗ. ಹೆಚ್ಚಾಗೇತಿ ಅಂತಾರ. ಮುಗದೈತಿ ಅನ್ನೂ ಬದ್ಲಿ ಹೆಚ್ಚಾಗೇತಿ ಅಂತಾರ."

"ಮತ್ತೆ ನಂಬರ್?"

"ಹತ್ತವಲ್ದು ಅಂದ್ರ ಫೋನ್ ಹತ್ತವಲ್ದು. ಮಗಗ ಮಾಡಿರಬೇಕು, ಸಕ್ಕರಿ ತಗೊಂಡು ಬರ್ರಿ ಅಂತ. ಮೂರ ಸಲ."

ಶಾಲಿನಿಯ ಮನೆಯಲ್ಲೂ ಅಕ್ಕಿ ಮುಗಿದರೆ ಅಜ್ಜಿ ‘ಅಕ್ಕಿ ತುಂಬಿದೆ’ ಎನ್ನುತ್ತಿದ್ದರು. ಅಪ್ಪ ಚಿಕ್ಕಬೈರಪ್ಪ ತುಟಿ ಪಿಟಕ್ಕೆನ್ನದೆ ಚೀಲ ತೆಗೆದುಕೊಂಡು ಹೊರಡುತ್ತಿದ್ದರು. ಪದ ಬೇರೆ, ಭಯ ಒಂದೇ. ಅದನ್ನು ಕೇಳುತ್ತಲೇ ಬೆಳೆದವಳಿಗೆ ಇದು ಕೇಳಿಸಲಿಲ್ಲ.

ನೆಟ್ಟಗಿದ್ದ ಮುದುಕರಿಗೆ ಹತ್ತು ಯೂನಿಟ್ ಚುಚ್ಚಿಸಿದ್ದಳು. ಊಟಕ್ಕೆ ಕಾಯಬೇಡಿ ಎಂದೂ ಹೇಳಿದ್ದಳು. ರಕ್ತದ ಸಕ್ಕರೆ ಈಗ ಇಳಿಯುತ್ತಿರುತ್ತದೆ, ಒಂದೇ ಸಮನೆ. ಮತ್ತು ಅದನ್ನು ತಡೆಯಲು ಆ ಮನೆಯಲ್ಲಿ ಒಂದು ಚಮಚ ಸಕ್ಕರೆಯೂ ಇಲ್ಲ. ಇಲ್ಲವೆಂದು ತಿಳಿಸುವುದಕ್ಕೇ ಆ ಹೆಂಗಸು ಫೋನು ಮಾಡಿದ್ದು.

ಯಲ್ಲವ್ವನ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು, ಮತ್ತೆ ನಿಂತಿತು. ಮಗ ಮಹಾಂತೇಶನ ಫೋನು ಸಂಪರ್ಕಕ್ಕೇ ಸಿಗಲಿಲ್ಲ. ಸೊಸೆ ಸ್ಕೂಲಿನಲ್ಲಿ ಟೀಚರು, ಪಾಠದ ಹೊತ್ತಿನಲ್ಲಿ ಅವರ ಫೋನು ಬಂದ್.

"ನೀ ಹೋಗು," ಎಂದರು ಜಯಶೀಲಾ. "ಗ್ಲುಕೋಸ್ ತಗೋ, ಮಷಿನ್ ತಗೋ. ನಾ ಆಂಬುಲೆನ್ಸಿಗೆ ಹೇಳ್ತೀನಿ, ಡಾಕ್ಟರನ್ನ ಹಿಡೀತೀನಿ. ಆಕಿ ಫೋನ್ ಎತ್ತೋತನಕ ನಾ ಬಿಡಂಗಿಲ್ಲ. ಜ್ವಾಕಿ ಹೋಗು. ನೀನು ದಾರ್ಯಾಗ ಬಿದ್ರ ಅಲ್ಲಿಗೆ ಯಾರೂ ಮುಟ್ಟಂಗಿಲ್ಲ."

ಶಾಲಿನಿ ಗ್ಲುಕೋಸನ್ನೂ ಯಂತ್ರವನ್ನೂ ಚೀಲಕ್ಕೆ ಹಾಕಿ ಸ್ಕೂಟರು ಹತ್ತಿದಳು. ಹೊರಟಾಗ ಹನ್ನೊಂದು ನಲವತ್ತು. ಚುಚ್ಚಿ ಅರ್ಧ ಗಂಟೆಯಾಗಿರುತ್ತದೆ.

ಬನಶಂಕರಿಯ ಹತ್ತಿರ ರಸ್ತೆ ಕಟ್ಟಿಹೋಗಿತ್ತು. ಶುಕ್ರವಾರದ ರಾಹುಕಾಲ, ಅಮ್ಮನ ಗುಡಿಗೆ ಜನವೋ ಜನ. ನಿಂಬೆಹಣ್ಣಿನ ದೀಪ ಹಚ್ಚಿ ಬಂದವರು, ಹಚ್ಚಲು ಹೋಗುವವರು, ಹೂವಿನ ಗಾಡಿಗಳು, ಬಸ್ ಸ್ಟ್ಯಾಂಡಿನಿಂದ ಮೂತಿ ಹೊರಹಾಕಿ ನಿಂತ ಬಸ್ಸುಗಳು. ಸಿಗ್ನಲ್ಲಿನ ಕೆಂಪಂಕಿ ನೂರಾ ಇಪ್ಪತ್ತರಿಂದ ಇಳಿಯುತ್ತಿತ್ತು. ನೂರಾ ಹದಿನಾಲ್ಕು, ನೂರಾ ಹದಿಮೂರು. ಶಾಲಿನಿಗೆ ಅದು ಸಿಗ್ನಲ್ಲಿನ ಅಂಕಿಯಾಗಿ ಕಾಣಲಿಲ್ಲ. ತೊಂಬತ್ತು. ಎಂಬತ್ತು. ಎಪ್ಪತ್ತರ ಕೆಳಗಿಳಿದರೆ ಬೆವರು, ನಡುಕ. ಐವತ್ತರ ಕೆಳಗೆ ಮಂಪರು. ಮೂವತ್ತಕ್ಕೆ ಬಂದಾಗ ಅವಳು ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ಗುಡಿಯ ಕಡೆಗೆ ಮನಸ್ಸಿನಲ್ಲೇ ಕೈಮುಗಿದಳು. ತಾಯಿ, ಎಂದಳು. ಮುಂದೆ ಬರಲಿಲ್ಲ. ಚಿಕ್ಕಂದಿನಿಂದ ನಾಲಿಗೆಯಲ್ಲಿ ಕೂತ ಸ್ತುತಿಗಳಲ್ಲಿ ಒಂದೂ ಎದ್ದು ಬರಲಿಲ್ಲ. ಬಾಯಿಗೆ ಬಂದದ್ದು ಒಂದೇ: ಹತ್ತು, ಅರ್ಥ ಆಯ್ತಲ್ಲ. ಹತ್ತು, ಅರ್ಥ ಆಯ್ತಲ್ಲ. ಅದು ತನ್ನದೇ ದನಿ, ಕಚೇರಿಯ ಚುರುಕು ದನಿ. ಹೂನ್ರಿ ಎನ್ನದೆ ಆ ಹೆಂಗಸಿಗೆ ಬೇರೇನು ಅನ್ನಲು ಬರುತ್ತಿತ್ತು?

ಬಿಡಿಎ ಕಾಂಪ್ಲೆಕ್ಸು ದಾಟುವಾಗ ಜೇಬಿನಲ್ಲಿ ಫೋನು ನಡುಗಿತು. ನಿಲ್ಲಿಸಿ ನೋಡುವ ಧೈರ್ಯವಾಗಲಿಲ್ಲ. ಒಳ್ಳೆಯ ಸುದ್ದಿಯಾದರೆ ಅಲ್ಲಿಗೆ ಹೋದ ಮೇಲೂ ಒಳ್ಳೆಯದಾಗಿಯೇ ಇರುತ್ತದೆ. ಕೆಟ್ಟದ್ದಾದರೆ ಅದನ್ನು ಹೊತ್ತು ಗಾಡಿ ಓಡಿಸಲು ಅವಳಿಂದಾಗದು.

ಪದ್ಮನಾಭನಗರದ ಆ ಮನೆ ಒಂದು ಟ್ಯೂಷನ್ ಸೆಂಟರಿನ ಹಿಂದೆ, ಮೊದಲ ಮಹಡಿ. ಬಾಗಿಲು ಹಾರುಹೊಡೆದಿತ್ತು. ಅಡುಗೆಮನೆಯಲ್ಲಿ ಯಾರೂ ಇಲ್ಲದೆ ಯಲ್ಲವ್ವನ ಫೋನು ಹೊಡೆದುಕೊಳ್ಳುತ್ತಿತ್ತು. ನಡುಕೋಣೆಯ ಮಂಚದ ಮೇಲೆ ಯಲ್ಲವ್ವ ಕೊಟ್ರಪ್ಪನವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ, ಅವರು ಬೆವರತೊಡಗಿದ್ದನ್ನು ಕಂಡು ಕೆಳಗಿನ ಮನೆಯವರಿಂದ ಬೇಡಿ ತಂದ ಸಕ್ಕರೆ ನೀರಿನ ಲೋಟ. ಚಮಚದಿಂದ ಹಾಕಿದ ನೀರು ಅವರ ಬಾಯಿಯ ಬಲ ಕೊನೆಯಿಂದ ಕೊರಳಿಗೆ ಇಳಿಯುತ್ತಿತ್ತು.

"ನುಂಗವಲ್ರು ಮೇಡಂ. ಹಾಕಿದ್ದೆಲ್ಲ ಹೊರಗ ಬರಾಕತ್ತೈತಿ."

"ನಿಲ್ಸಿ. ನೀರು ಹಾಕ್ಬೇಡಿ, ಉಸಿರಿಗೆ ಹೋಗುತ್ತೆ. ಎಡ ಮಗ್ಗುಲಿಗೆ ತಿರುಗಿಸೋಣ, ಹಿಡ್ಕೊಳ್ಳಿ."

ಅಂಗಿ ಒದ್ದೆಯಾಗಿ ಮೈಗಂಟಿತ್ತು. ಮುಖ ಬೂದಿ ಬಣ್ಣ. ರೆಪ್ಪೆಯ ಕೆಳಗೆ ಬರೀ ಬಿಳುಪು. ಶಾಲಿನಿ ಬೆರಳ ತುದಿ ಚುಚ್ಚಿ, ಹನಿಯನ್ನು ಯಂತ್ರಕ್ಕೆ ಕೊಟ್ಟಳು. ಐದು ಸೆಕೆಂಡು. ಮೂವತ್ತನಾಲ್ಕು.

ಗ್ಲುಕೋಸ್ ಪುಡಿಗೆ ಎರಡು ಹನಿ ನೀರು ಹಾಕಿ ಕಲಸಿ, ಅವರ ಕೆನ್ನೆಯ ಒಳಗೆ, ವಸಡಿನ ಉದ್ದಕ್ಕೂ ಬೆರಳಿನಿಂದ ತಿಕ್ಕಿದಳು. ಮತ್ತೆ ಕಲಸಿದಳು, ಮತ್ತೆ ತಿಕ್ಕಿದಳು. ಬೆರಳು ಹೋದ ಬಾಯಿ ತಣ್ಣಗಿತ್ತು. ಯಲ್ಲವ್ವ ಅವರ ಪಾದ ತಿಕ್ಕುತ್ತ ತುಟಿಯಲ್ಲೇ ಶಿವಶಿವಾ ಎನ್ನುತ್ತಿದ್ದಳು. ಹತ್ತು ನಿಮಿಷದ ಮೇಲೆ ಮೂವತ್ತೊಂಬತ್ತು. ಏರಿತೋ, ಯಂತ್ರದ ಚಂಚಲತೆಯೋ ತಿಳಿಯಲಿಲ್ಲ. ಮುಂದಿನ ಕಟ್ಟಡದಲ್ಲಿ ಟ್ಯೂಷನ್ನಿನ ಮಕ್ಕಳು ಯಾವುದೋ ಸೂತ್ರವನ್ನು ಒಟ್ಟಿಗೆ ಹೇಳುತ್ತಿದ್ದರು.

ಆಂಬುಲೆನ್ಸಿನವರು ಬಂದು ಎಡಗೈಯ ನರ ಹುಡುಕಿ ಸೂಜಿ ಚುಚ್ಚಿ ಗ್ಲುಕೋಸ್ ಏರಿಸಿದರು. ಎರಡು ಕಡೆ ನರ ಸಿಗಲಿಲ್ಲ, ಮೂರನೆಯದಕ್ಕೆ ಸಿಕ್ಕಿತು. ಅಂಕಿ ನೂರಾ ಹತ್ತಕ್ಕೆ ಹತ್ತಿತು. ಕೊಟ್ರಪ್ಪನವರು ಒಮ್ಮೆ ನರಳಿದರು, ಕಣ್ಣು ಬಿಡಲಿಲ್ಲ. ಜಯಶೀಲಾ ಅಷ್ಟರಲ್ಲಿ ವೈದ್ಯರನ್ನು ಫೋನಿಗೆ ತಂದಿದ್ದರು.

"ಆ ಇನ್ಸುಲಿನ್ನು ಇನ್ನೂ ಮೂರ್ನಾಲ್ಕು ಗಂಟೆ ಎಳೀತಾನೇ ಇರುತ್ತೆ," ಎಂದರು ವೈದ್ಯರು. "ಡ್ರಿಪ್ ನಡೀಲಿ, ಆಂಬುಲೆನ್ಸಿನವರು ಅಲ್ಲೇ ಇರ್ಲಿ. ಹದಿನೈದು ನಿಮಿಷಕ್ಕೊಂದು ಸಲ ನೋಡಿ. ಎಪ್ಪತ್ತಕ್ಕಿಂತ ಕೆಳಗೆ ಬಂದ್ರೆ ನನ್ನ ಕೇಳ್ಬೇಡಿ, ಆಸ್ಪತ್ರೆಗೆ ಎತ್ಕೊಂಡು ಬನ್ನಿ."

"ಎಪ್ಪತ್ತಕ್ಕಿಂತ ಕೆಳಗೆ ಬಂದ್ರೆ, ಕೇಳದೆ ಆಸ್ಪತ್ರೆಗೆ," ಎಂದಳು ಶಾಲಿನಿ. ಅವರು ಹೌದೆಂದ ಮೇಲೇ ಫೋನಿಟ್ಟಳು.

ಯಲ್ಲವ್ವ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. "ನಾ ಏನ್ ತಪ್ಪ ಮಾಡೀನ್ರಿ ಮೇಡಂ? ಮುಂಜಾನಿ ನೂರಾ ಹತ್ತ್ ಇತ್ರಿ. ನೀವು ಚುಚ್ಚು ಅಂದ್ರಿ. ಡಾಕ್ಟರು ಹೊಸಾದು ಬರದಿರಬೇಕು ಅನ್ಕೊಂಡ್ನಿ. ಯಾಕ್ರಿ ಅಂತ ಕೇಳಬೇಕಂತ ಬಾಯಿತನಕ ಬಂದಿತ್ತು. ಮ್ಯಾಲಿನವರಿಗೆ ಎದುರು ಮಾತು ಆಡಬಾರ್ದಂತ ನುಂಗೀನಿ."

"ನೀವೇನೂ ತಪ್ಪು ಮಾಡಿಲ್ಲ ಯಲ್ಲಮ್ಮ."

"ನನ್ನ ಹೆಸರು ಯಲ್ಲವ್ವ ರೀ."

ಶಾಲಿನಿ ತಲೆ ತಗ್ಗಿಸಿದಳು. "ಯಲ್ಲವ್ವ," ಎಂದಳು.

ಮಹಾಂತೇಶ ಬಂದದ್ದು ಒಂದು ಗಂಟೆಗೆ. ಬೇಸ್‌ಮೆಂಟಿನ ಗೋಡೌನಿನಲ್ಲಿ ಸಿಗ್ನಲ್ ಇರಲಿಲ್ಲವಂತೆ, ಮೇಲೆ ಬಂದಾಗ ಇಪ್ಪತ್ತಾರು ಮಿಸ್ಡ್ ಕಾಲ್. ಅಪ್ಪನ ಕೈಯ ಸೂಜಿ ನೋಡಿದ, ಯಲ್ಲವ್ವನನ್ನು ನೋಡಿದ.

"ಏನ್ ಕೊಟ್ರಿ ನೀವು? ಏನ್ ಕೊಟ್ರಿ ನಮ್ಮಪ್ಪಂಗೆ?"

"ನಾನ ಚುಚ್ಚೀನ್ರಿ ಅಣ್ಣಾರ..." ಎಂದಳು ಯಲ್ಲವ್ವ.

ಶಾಲಿನಿ ಇಬ್ಬರ ನಡುವೆ ಬಂದು ನಿಂತಳು. ಸುಮ್ಮನಿದ್ದರೆ ಈ ಮಾತು ಇಲ್ಲಿಗೇ ನಿಲ್ಲುತ್ತದೆ, ಇದೇ ಹೆಂಗಸಿನ ತಲೆಯ ಮೇಲೆ. ಆದರೆ ಈ ಮನುಷ್ಯನಿಗೆ ನಡೆದದ್ದು ಸರಿಯಾಗಿ ತಿಳಿಯದಿದ್ದರೆ, ಮುಂದಿನ ಹದಿನೈದು ನಿಮಿಷಕ್ಕೆ ಮತ್ತೊಂದು ತಪ್ಪು ಇಲ್ಲೇ ಹುಟ್ಟಬಹುದು.

"ಕೊಡಿ ಅಂದಿದ್ದು ನಾನು. ಡಬ್ಬೀಲಿ ಸಕ್ಕರೆ ಮುಗಿದಿದೆ ಅನ್ನೋದನ್ನ ಇವರು ಹೆಚ್ಚಾಗಿದೆ ಅಂದ್ರು. ನಾನು ರಕ್ತದ್ದು ಅಂದ್ಕೊಂಡೆ. ಯಾವ ಸಕ್ಕರೆ ಅಂತ ಕೇಳ್ಲಿಲ್ಲ."

ಮಹಾಂತೇಶ ಅಪ್ಪನ ಕಡೆ ತಿರುಗಿದ. "ನಮ್ಮವ್ವನೂ ಹಂಗೇ ಅಂತಿದ್ರು," ಎಂದ ಮೆಲ್ಲಗೆ. ತಕ್ಷಣ ದನಿ ಗಡುಸಾಯಿತು. "ಅಪ್ಪ ಹೋಗ್ಬಿಟ್ಟಿದ್ರೆ ಮೇಡಂ? ಒಂದು ಮಾತಿಗೆ ಹೋಗ್ಬಿಟ್ಟಿದ್ರೆ?"

ಅವನು ಉತ್ತರಕ್ಕೆ ಕಾಯಲಿಲ್ಲ. "ಇನ್ನು ಏನ್ ಮಾಡ್ಬೇಕು, ಅದು ಹೇಳಿ" ಎಂದು ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಹಿಂಬದಿಯಲ್ಲಿ ಗೆರೆ ಎಳೆದ.

ಹಾಗೆ ಮಧ್ಯಾಹ್ನ ನಡೆಯಿತು. ಯಲ್ಲವ್ವ ಯಂತ್ರ ಹಿಡಿದು ಅಂಕಿ ಹೇಳುವಳು. ಶಾಲಿನಿ ಅದನ್ನೇ ತಿರುಗಿ ಹೇಳುವಳು. ಯಲ್ಲವ್ವ ಹೌದೆಂದ ಮೇಲೆ ಮಹಾಂತೇಶ ಬರೆಯುವನು.

"ತೊಂಬತ್ತೆಂಟ್ರಿ."

"ಒಂಬತ್ತು, ಎಂಟು. ರಕ್ತದ್ದು. ಒಂದೂಕಾಲು ಗಂಟೆ."

"ಹೌದ್ರಿ."

ಒಂದೂವರೆಗೆ ಎಂಬತ್ತೇಳು. ಒಂದೂ ಮುಕ್ಕಾಲಿಗೆ ಎಪ್ಪತ್ತೊಂಬತ್ತು. ಆಂಬುಲೆನ್ಸಿನವನು ಡ್ರಿಪ್ಪಿನ ಚಕ್ರ ತಿರುಗಿಸಿ ಹನಿಯನ್ನು ಚುರುಕುಮಾಡಿದ. ಮಹಾಂತೇಶ ಸ್ಟ್ರೆಚರು ಮೆಟ್ಟಿಲಿನಲ್ಲಿ ತಿರುಗುತ್ತದೋ ಇಲ್ಲವೋ ಎಂದು ಹೋಗಿ ನೋಡಿಬಂದ. ಎರಡು ಗಂಟೆಗೆ ಎಪ್ಪತ್ಮೂರು. ಮುಂದಿನ ಹದಿನೈದು ನಿಮಿಷ ಶಾಲಿನಿ ಗಡಿಯಾರ ನೋಡಲಿಲ್ಲ, ಅವರ ಎದೆ ಏರಿ ಇಳಿಯುವುದನ್ನೇ ಎಣಿಸಿದಳು. ಎರಡೂಕಾಲಿಗೆ ಎಂಬತ್ತೊಂದು. ಎರಡೂವರೆಗೆ ತೊಂಬತ್ನಾಲ್ಕು. ಯಲ್ಲವ್ವ ಅದನ್ನು ಯಾರೂ ಕೇಳದೆಯೇ ಎರಡು ಸಲ ಹೇಳಿದಳು.

ಮೂರೂವರೆಗೆ ಅಂಕಿ ನೂರಾ ಮೂವತ್ತರಲ್ಲಿ ನಿಂತಿತ್ತು. ಕೊಟ್ರಪ್ಪನವರು ಕಣ್ಣು ಬಿಟ್ಟರು. ಮೊದಲು ಸೂರು ನೋಡಿದರು, ಆಮೇಲೆ ಮಗನನ್ನು, ಆಮೇಲೆ ಪರಿಚಯವಿಲ್ಲದ ಶಾಲಿನಿಯನ್ನು. ಯಲ್ಲವ್ವ ರಾಗಿ ಗಂಜಿಯ ಬಟ್ಟಲು ತಂದು ತೋರಿಸಿದಳು. ಅವರ ತುಟಿ ಕಷ್ಟಪಟ್ಟು ಅಲುಗಿತು. ಮಾತಿನ ಮೊದಲ ಅರ್ಧ ಉಸಿರಲ್ಲೇ ಹೋಯಿತು, ಕೊನೆಯದಷ್ಟೇ ಕೇಳಿಸಿತು.

"...ಕು."

"ಸಾಕು ಅಂದ್ರು," ಎಂದಳು ಯಲ್ಲವ್ವ, ಬಟ್ಟಲು ಹಿಂದಕ್ಕೆ ತೆಗೆದು.

"ಇಲ್ಲ, ಬೇಕು ಅಂದ್ರು," ಎಂದ ಮಹಾಂತೇಶ.

ಇಬ್ಬರೂ ಶಾಲಿನಿಯ ಮುಖ ನೋಡಿದರು. ಅವಳಿಗೂ ಏನೋ ಕೇಳಿಸಿತ್ತು. ಬೇಕು ಎಂದೇ ಕೇಳಿಸಿತ್ತು. ಅದನ್ನು ಅವಳು ಹೇಳಲಿಲ್ಲ. ಮಂಚದ ಅಂಚಿಗೆ ಕೂತು ಅವರ ಎಡಗೈಯ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಅಜ್ಜಾ, ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಗಂಜಿ ಬೇಕು ಅಂದ್ರೆ ಒಂದು ಸಲ ಕೈ ಹಿಚುಕಿ. ಸಾಕು ಅಂದ್ರೆ ಎರಡು ಸಲ. ನಿಧಾನ, ಅವಸರ ಇಲ್ಲ."

ಬೆರಳುಗಳು ಬಹಳ ಹೊತ್ತು ಸುಮ್ಮನಿದ್ದವು. ಆಮೇಲೆ ಒಂದು ಸಲ ಬಿಗಿಯಾದವು. ಎರಡನೆಯದು ಬರುತ್ತದೋ ಎಂದು ಶಾಲಿನಿ ಉಸಿರು ಬಿಡದೆ ಕಾದಳು. ಬರಲಿಲ್ಲ. ಇನ್ನೂ ಸ್ವಲ್ಪ ಕಾದಳು.

"ಬೇಕಂತೆ," ಎಂದಳು.

"ಬೇಕಂತ," ಎಂದಳು ಯಲ್ಲವ್ವ. ಬಟ್ಟಲನ್ನು ಮುಂದಕ್ಕೆ ತಂದು, ಚಮಚದ ತುದಿಯಲ್ಲಿ ಚೂರೇ ಚೂರು ಗಂಜಿ ತೆಗೆದು, ಅವರು ನುಂಗುವುದನ್ನು ನೋಡುತ್ತ ಕೂತಳು.